ತ್ಸಿನಂದಾಲಿ ವೈನ್: ಗುರುತಿಸೋದು ಹೇಗೆ, ಅದರ ಊರಿಗೆ ಹೋಗೋದು ಹೇಗೆ, ಮನೆಗೆ ತರೋದು ಹೇಗೆ

ಜಾರ್ಜಿಯಾಕ್ಕೆ ಹೋಗುವ ಕನ್ನಡಿಗರು ಈಗ ಜಾಸ್ತಿಯಾಗಿದ್ದಾರೆ. ದುಬೈ, ದೋಹಾ ಕಡೆ ಕೆಲಸ ಮಾಡುವವರು ನಾಲ್ಕು ದಿನ ರಜೆ ಸಿಕ್ಕರೆ ಅತ್ತ ಹೊರಡುತ್ತಾರೆ. ಮೆಡಿಕಲ್ ಓದಲು ಹೋದ ಮಕ್ಕಳನ್ನು ನೋಡಿಕೊಂಡು ಬರಲು ಅಪ್ಪ ಅಮ್ಮಂದಿರು ಹೋಗುತ್ತಾರೆ. ಹೊರಡುವ ಮುಂಚೆ ಅವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ತ್ಸಿನಂದಾಲಿ ಅಂತ ಒಂದು ಬಿಳಿ ವೈನ್ ಇದೆಯಂತಲ್ಲ, ಅದು ಮಣ್ಣಿನ ಗುಡಾಣದಲ್ಲಿ ಮಾಡಿದ್ದಾ? ಸಿಹಿ ಇರುತ್ತಾ? ಯಾವ ಬಾಟಲಿ ತಗೋಬೇಕು? ಊರು ನೋಡಲು ಒಂದು ದಿನ ಸಾಕಾ? ಇಂಡಿಯಾಕ್ಕೆ ಎಷ್ಟು ತರಬಹುದು?

ಇವಕ್ಕೆಲ್ಲ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳುತ್ತಿರುವುದು ಕಪ್ಪು ಸಮುದ್ರಕ್ಕೂ ಕಾಕಸಸ್ ಬೆಟ್ಟಗಳಿಗೂ ಅಂಟಿಕೊಂಡಿರುವ ಜಾರ್ಜಿಯಾ ದೇಶದ ಬಗ್ಗೆ. ಅಮೆರಿಕದ ಜಾರ್ಜಿಯಾ ರಾಜ್ಯ ಅಲ್ಲ.

ಕೈಯಲ್ಲಿ ಇರಬೇಕಾದ್ದು

ಹೆಚ್ಚೇನೂ ಬೇಡ. ರಾಜಧಾನಿ ಟಿಬಿಲಿಸಿಯಿಂದ ಒಂದು ಪೂರ್ತಿ ದಿನ, ಸಾಧ್ಯವಾದರೆ ತ್ಸಿನಂದಾಲಿ ಹಳ್ಳಿಗೆ ಹತ್ತಿರದ ಪಟ್ಟಣ ತೆಲಾವಿಯಲ್ಲಿ ಒಂದು ರಾತ್ರಿ. ಗಾಡಿ ಓಡಿಸಲು ವೈನ್ ಮುಟ್ಟದ ಒಬ್ಬರು. ಸ್ವಲ್ಪ ನಗದು ಲಾರಿ, ಅಂದರೆ ಅಲ್ಲಿನ ದುಡ್ಡು. ಬಾಟಲಿ ತರುವ ಯೋಚನೆ ಇದ್ದರೆ ಚೆಕ್-ಇನ್ ಬ್ಯಾಗಿನಲ್ಲಿ ಜಾಗ, ಸುತ್ತಲು ನಾಲ್ಕು ಹಳೇ ಟೀ ಶರ್ಟು. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಗಲ್ಫ್ ದೇಶದ ರೆಸಿಡೆನ್ಸಿ ಇದ್ದವರಿಗೆ ಒಂದು ಲೆಕ್ಕ, ನಮ್ಮೂರಿಂದ ನೇರ ಹೋಗುವವರಿಗೆ ಇನ್ನೊಂದು. ಟಿಕೆಟ್ ಮಾಡುವ ಮುಂಚೆ ಜಾರ್ಜಿಯಾ ಸರ್ಕಾರದ ಇ-ವೀಸಾ ಜಾಲತಾಣವನ್ನೇ ನೋಡಿ. ಟ್ರಾವೆಲ್ ಏಜೆಂಟ್ ಬಾಯಿಮಾತು ನಂಬಿ ಹೋಗಬೇಡಿ.

ಹಂತ 1: ಇದು ಏನು, ಏನಲ್ಲ

ಇದೊಂದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಜಾರ್ಜಿಯಾ ಅಂದ ಕೂಡಲೇ ಎಲ್ಲರೂ ಹೇಳುವುದು 8000 ವರ್ಷದ ವೈನ್ ಕಥೆ. ಅದು ಸುಳ್ಳಲ್ಲ. ಟಿಬಿಲಿಸಿಯ ದಕ್ಷಿಣಕ್ಕಿರುವ ಗದಾಚ್ರಿಲಿ ಗೋರಾ ಮತ್ತು ಶುಲಾವೆರಿಸ್ ಗೋರಾ ಎಂಬ ಎರಡು ದಿಬ್ಬಗಳಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿ ವೈನಿನ ಗುರುತು ಇದೆ ಎಂದು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ಮಡಕೆಗಳ ಕಾಲ ಕ್ರಿಸ್ತಪೂರ್ವ 6000ದ ಆಸುಪಾಸು. ನೆಲದಲ್ಲಿ ಕತ್ತಿನವರೆಗೆ ಹೂತಿಟ್ಟ ದೊಡ್ಡ ಮಣ್ಣಿನ ಗುಡಾಣದಲ್ಲಿ ವೈನ್ ಮಾಡುವುದು ಅಲ್ಲಿ ಈಗಲೂ ನಡೆಯುತ್ತಿದೆ. ಆ ಗುಡಾಣಕ್ಕೆ ಕ್ವೆವ್ರಿ ಅನ್ನುತ್ತಾರೆ. ಅದನ್ನು ಹೂತಿಡುವ ಕೋಣೆಗೆ ಮರಾನಿ. ಈ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಖೆತಿ ಪ್ರಾಂತ್ಯದ ಹಳೇ ಕ್ರಮದಲ್ಲಿ ದ್ರಾಕ್ಷಿ ರಸದ ಜೊತೆಗೆ ಸಿಪ್ಪೆ, ಬೀಜ, ತೊಟ್ಟು ಎಲ್ಲವನ್ನೂ ಕ್ವೆವ್ರಿಗೆ ಹಾಕಿ ಐದಾರು ತಿಂಗಳು ಬಿಡುತ್ತಾರೆ. ಹಾಗೆ ಬಿಟ್ಟಾಗ ಬಿಳಿ ದ್ರಾಕ್ಷಿಯ ವೈನ್ ಕೂಡ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬಾಯಲ್ಲಿ ಒಗರು. ಇದನ್ನೇ ಈಗ ಅಂಬರ್ ವೈನ್, ಆರೆಂಜ್ ವೈನ್ ಅಂತ ಕರೆಯುತ್ತಾರೆ.

ತ್ಸಿನಂದಾಲಿ ಇದಲ್ಲ.

ತ್ಸಿನಂದಾಲಿ ಯುರೋಪಿನ ಕ್ರಮದಲ್ಲಿ ಮಾಡುವ ವೈನ್. ದ್ರಾಕ್ಷಿ ಹಿಂಡಿ, ಸಿಪ್ಪೆ ಬೀಜ ತೆಗೆದು, ಬರೀ ರಸವನ್ನು ಹುಳಿಯಲು ಬಿಡುತ್ತಾರೆ. ತಂಪಿನಲ್ಲಿ, ನಿಧಾನವಾಗಿ. ಹಾಗಾಗಿ ಬಣ್ಣ ತಿಳಿ ಹುಲ್ಲಿನ ಹಳದಿ, ಅಂಚಿನಲ್ಲಿ ತುಸು ಹಸಿರು ಛಾಯೆ. ಒಗರು ಇರುವುದಿಲ್ಲ, ಹುಳಿ ಚುರುಕಾಗಿರುತ್ತದೆ. ಹಿಂದೆ ಇದನ್ನು ಓಕ್ ಮರದ ಪೀಪಾಯಿಯಲ್ಲಿ ಎರಡು ಮೂರು ವರ್ಷ ಇಟ್ಟು ಹಣ್ಣು ಮಾಡುತ್ತಿದ್ದರು. ಈಗ ಬಹಳಷ್ಟು ಕಡೆ ಸ್ಟೀಲ್ ಟ್ಯಾಂಕಿನಲ್ಲೇ ಮುಗಿಸಿ ಬೇಗ ಬಾಟಲಿಗೆ ತುಂಬಿಸುತ್ತಾರೆ. ಒಂದಷ್ಟು ಭಾಗವನ್ನು ಮಾತ್ರ ಓಕ್‌ನಲ್ಲಿಡುವವರೂ ಇದ್ದಾರೆ.

ಈ ಪದ್ಧತಿಯನ್ನು ಅಲ್ಲಿ ಬೇರೂರಿಸಿದವರು ಅಲೆಕ್ಸಾಂಡರ್ ಚಾವ್‌ಚಾವಾದ್ಜೆ (1786–1846). ಕುಲೀನ ಮನೆತನದವರು, ಕವಿ, ಸೇನಾಧಿಕಾರಿ. ತಮ್ಮ ತ್ಸಿನಂದಾಲಿ ಎಸ್ಟೇಟಿನಲ್ಲಿ ಯುರೋಪಿನ ಮಾದರಿಯ ವೈನ್ ಕಾರ್ಖಾನೆ ಕಟ್ಟಿದರು. ಅವರ ನಂತರ ಎಸ್ಟೇಟ್ ರಷ್ಯಾದ ಅರಸರ ಕೈಗೆ ಹೋಯಿತು. ತ್ಸಿನಂದಾಲಿ ಅನ್ನುವ ಹೆಸರಿನಲ್ಲಿ ವೈನ್ ಹೊರಬಂದಿದ್ದು 1886ರಲ್ಲಿ. ಅಂದರೆ ಇದರ ಪರಂಪರೆ ನೂರೈವತ್ತು ವರ್ಷದ ಒಳಗಿನದು, ಎಂಟು ಸಾವಿರದ್ದಲ್ಲ. ಅದರಿಂದ ಇದರ ಬೆಲೆ ಏನೂ ಕಮ್ಮಿಯಾಗುವುದಿಲ್ಲ. ಆದರೆ ಗುಡಾಣದ ವೈನ್ ಬೇಕು ಅಂತ ಹುಡುಕಿಕೊಂಡು ಹೋಗಿ ತ್ಸಿನಂದಾಲಿ ಕೊಂಡು, "ಇದು ಮಾಮೂಲಿ ವೈಟ್ ವೈನ್ ಥರ ಇದೆಯಲ್ಲ" ಅಂತ ಬೇಜಾರು ಮಾಡಿಕೊಳ್ಳುವವರು ಬಹಳ. ತಪ್ಪು ವೈನಿನದ್ದಲ್ಲ. ಕೇಳಿದ್ದೇ ಬೇರೆ, ಕೊಂಡದ್ದೇ ಬೇರೆ, ಅಷ್ಟೇ.

ಹಾಗಾದರೆ ನಿಮಗೆ ಯಾವುದು ಬೇಕು? ತಣ್ಣಗೆ, ಹಗುರವಾಗಿ, ಊಟದ ಜೊತೆ ಕುಡಿಯುವಂಥದ್ದು ಬೇಕಾದರೆ ತ್ಸಿನಂದಾಲಿ. ಗುಡಾಣದ ಒಗರು ರುಚಿ ಬೇಕಾದರೆ ಲೇಬಲ್ ಮೇಲೆ ಕ್ವೆವ್ರಿ ಅಂತ ಬರೆದಿರುವ, ರ್‌ಕಾತ್ಸಿತೆಲಿ ಅನ್ನುವ ದ್ರಾಕ್ಷಿಯ ವೈನ್ ಕೇಳಿ. ಒಂದೊಂದು ಬಾಟಲಿ ತಗೊಂಡು ಅಕ್ಕಪಕ್ಕ ಇಟ್ಟು ರುಚಿ ನೋಡಿದರೆ ಇನ್ನೂ ಒಳ್ಳೆಯದು. ಮುಖ್ಯವಾದ ದ್ರಾಕ್ಷಿ ಎರಡಕ್ಕೂ ಒಂದೇ. ಮಾಡುವ ಕ್ರಮ ಬದಲಾದರೆ ಎಷ್ಟು ವ್ಯತ್ಯಾಸ ಅನ್ನುವುದು ಆಗ ನಾಲಿಗೆಗೇ ಗೊತ್ತಾಗುತ್ತದೆ.

ಹಂತ 2: ದ್ರಾಕ್ಷಿ ಮತ್ತು ನೆಲ

ತ್ಸಿನಂದಾಲಿಯಲ್ಲಿ ಎರಡು ದ್ರಾಕ್ಷಿ ಇರುತ್ತವೆ. ದೊಡ್ಡ ಪಾಲು ರ್‌ಕಾತ್ಸಿತೆಲಿ. ಸಣ್ಣ ಪಾಲು, ಹೆಚ್ಚೆಂದರೆ 15 ಶೇಕಡಾದಷ್ಟು, ಕಾಖೆತಿಯ ಮ್‌ತ್ಸ್ವಾನೆ. ರ್‌ಕಾತ್ಸಿತೆಲಿ ಹುಳಿ ಮತ್ತು ಮೈಕಟ್ಟು ಕೊಡುತ್ತದೆ. ಬಿಸಿಲಲ್ಲಿ ಚೆನ್ನಾಗಿ ಹಣ್ಣಾದರೂ ಹುಳಿ ಬಿಟ್ಟುಕೊಡುವುದಿಲ್ಲ, ಅದೇ ಇದರ ದೊಡ್ಡ ಗುಣ. ಮ್‌ತ್ಸ್ವಾನೆ ಪರಿಮಳ ಕೊಡುತ್ತದೆ. ಸ್ವಲ್ಪವೇ ಸೇರಿಸಿದರೂ ಮೂಗಿಗೆ ಗೊತ್ತಾಗುತ್ತದೆ.

ಇನ್ನು ನೆಲ. ಜಾರ್ಜಿಯಾದ ಪೂರ್ವ ತುದಿಯ ಪ್ರಾಂತ್ಯ ಕಾಖೆತಿ. ದೇಶದ ವೈನ್ ದ್ರಾಕ್ಷಿಯಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಬೆಳೆಯುವುದು ಇಲ್ಲಿ. ಮಧ್ಯದಲ್ಲಿ ಅಲಜಾನಿ ನದಿ. ಉತ್ತರಕ್ಕೆ ಹಿಮ ಹೊತ್ತ ದೊಡ್ಡ ಕಾಕಸಸ್ ಸಾಲು, ಇನ್ನೊಂದು ಕಡೆ ಗೊಂಬೋರಿ ಬೆಟ್ಟಗಳು. ನಡುವೆ ಅಗಲವಾದ ಕಣಿವೆ. ತ್ಸಿನಂದಾಲಿ ವೈನಿಗೆ ಹಕ್ಕಿರುವ ತೋಟಗಳು ನದಿಯ ಬಲದಂಡೆಯಲ್ಲಿ, ಗೊಂಬೋರಿ ತಪ್ಪಲಿನ ಇಳಿಜಾರಿನಲ್ಲಿ, ಸಮುದ್ರ ಮಟ್ಟದಿಂದ ಸುಮಾರು 300ರಿಂದ 750 ಮೀಟರ್ ಎತ್ತರದಲ್ಲಿವೆ. ತ್ಸಿನಂದಾಲಿ, ಕಿಸಿಸ್‌ಖೆವಿ, ಅಕುರಾ, ವಾಂತಾ ಇಂಥ ಹಳ್ಳಿಗಳು. ಹಗಲು ಒಳ್ಳೇ ಬಿಸಿಲು, ರಾತ್ರಿ ಬೆಟ್ಟದ ಕಡೆಯಿಂದ ತಂಪು. ಹಣ್ಣು ಸಿಹಿಯಾಗುತ್ತಾ ಹುಳಿ ಉಳಿಸಿಕೊಳ್ಳಲು ಇದೇ ಬೇಕು. ಇಲ್ಲಿನ ರೈತರ ದೊಡ್ಡ ಭಯ ಆಲಿಕಲ್ಲು. ಬೇಸಿಗೆಯಲ್ಲಿ ಅರ್ಧ ಗಂಟೆ ಆಲಿಕಲ್ಲು ಬಿದ್ದರೆ ವರ್ಷದ ಫಸಲು ನೆಲಕ್ಕೆ. ಮೋಡಕ್ಕೆ ರಾಕೆಟ್ ಹಾರಿಸಿ ಆಲಿಕಲ್ಲು ತಡೆಯುವ ವ್ಯವಸ್ಥೆಯನ್ನು ಕಾಖೆತಿಯಲ್ಲಿ ಇದಕ್ಕಾಗಿಯೇ ಹಾಕಿದ್ದಾರೆ.

ಹಂತ 3: ಬಾಟಲಿಯ ಲೇಬಲ್ ಓದಿ

ಅಂಗಡಿಯಲ್ಲಿ ನಿಂತಾಗ ಈ ನಾಲ್ಕು ನೋಡಿ.

1. ಹೆಸರು. ತ್ಸಿನಂದಾಲಿ ಅಂತ ದೊಡ್ಡದಾಗಿ ಇರಬೇಕು. ಜಾರ್ಜಿಯಾದ ಲಿಪಿ ಗುಂಡಗುಂಡಗೆ ಇರುತ್ತದೆ, ನಮಗೆ ಓದಲು ಬರದು. ಚಿಂತೆ ಬೇಡ, ಹೊರದೇಶಕ್ಕೂ ಕಳಿಸುವ ಬಾಟಲಿಗಳ ಮೇಲೆ ಇಂಗ್ಲಿಷ್ ಅಕ್ಷರವೂ ಇರುತ್ತದೆ.

2. ಪಿಡಿಒ ಗುರುತು. ಇಂಥ ಊರಲ್ಲಿ, ಇಂಥ ದ್ರಾಕ್ಷಿಯಿಂದ, ಇಂಥ ಕ್ರಮದಲ್ಲಿ ಮಾಡಿದರೆ ಮಾತ್ರ ಈ ಹೆಸರು ಹಾಕಬಹುದು ಅನ್ನುವ ಕಾನೂನಿನ ರಕ್ಷಣೆ ಅದು. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೆ ಜಿಐ ಟ್ಯಾಗ್ ಇದೆಯಲ್ಲ, ಹೆಚ್ಚೂಕಡಿಮೆ ಹಾಗೆ. ಜಾರ್ಜಿಯಾದಲ್ಲಿ ಇಂಥ ರಕ್ಷಿತ ವೈನ್ ಹೆಸರುಗಳು ಇಪ್ಪತ್ತಕ್ಕೂ ಜಾಸ್ತಿ ಇವೆ.

3. ಡ್ರೈ ಅನ್ನುವ ಮಾತು. ವೈನ್ ಲೋಕದಲ್ಲಿ ಡ್ರೈ ಅಂದರೆ ಸಿಹಿ ಉಳಿದಿಲ್ಲ ಅಂತ ಅರ್ಥ. ದ್ರಾಕ್ಷಿಯ ಸಕ್ಕರೆ ಪೂರ್ತಿ ಹುಳಿದು ಆಲ್ಕೋಹಾಲ್ ಆಗಿದೆ. ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂಗಿಂತ ಕಡಿಮೆ ಸಕ್ಕರೆ ಉಳಿದಿರುತ್ತದೆ. ಜಾರ್ಜಿಯನ್ ಭಾಷೆಯಲ್ಲಿ ಇದಕ್ಕೆ ಮ್‌ಶ್ರಾಲಿ. ಅರೆ ಸಿಹಿಗೆ ನಖೆವ್ರಾದ್ ತ್ಕ್‌ಬಿಲಿ. ಅಂಗಡಿಯವರಿಗೆ ಇಂಗ್ಲಿಷ್ ಬರದಿದ್ದರೆ ಈ ಎರಡು ಮಾತು ಸಾಕು.

4. ವರ್ಷ. ಅದು ದ್ರಾಕ್ಷಿ ಕೊಯ್ದ ವರ್ಷ. ಸ್ಟೀಲ್ ಟ್ಯಾಂಕಿನಲ್ಲಿ ಮಾಡಿದ್ದಾದರೆ ಎರಡು ಮೂರು ವರ್ಷದ ಒಳಗಿನದನ್ನೇ ಕೊಳ್ಳಿ. ಓಕ್‌ನಲ್ಲಿ ಇಟ್ಟದ್ದು ಅಂತ ಹಿಂದಿನ ಲೇಬಲ್ ಹೇಳಿದರೆ ಇನ್ನೂ ಸ್ವಲ್ಪ ಹಳೆಯದಾದರೂ ನಡೆಯುತ್ತದೆ. ಹಳೆಯದಾದಷ್ಟೂ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಧೂಳು ಹಿಡಿದ ಬಾಟಲಿ ನೋಡಿ ಮರುಳಾಗಬೇಡಿ.

ಎಲ್ಲರೂ ಎಡವುವ ಜಾಗ ಒಂದಿದೆ. ಅಲಜಾನಿ ವ್ಯಾಲಿ ಅಂತ ಬರೆದ ಬಾಟಲಿಗಳು ಎಲ್ಲ ಅಂಗಡಿಯಲ್ಲೂ ಕಾಣುತ್ತವೆ. ಕಣಿವೆ ಅದೇ, ಹಾಗಾಗಿ ತ್ಸಿನಂದಾಲಿಯ ತಂಗಿಯೇ ಇರಬೇಕು ಅಂದುಕೊಂಡು ಕೊಳ್ಳುತ್ತಾರೆ. ಆದರೆ ಅದು ಸಾಮಾನ್ಯವಾಗಿ ಅರೆ ಸಿಹಿ. ತ್ವಿಶಿ ಅನ್ನುವ ಬಿಳಿ ವೈನ್ ಕೂಡ ಅರೆ ಸಿಹಿ, ಅದರ ಊರೇ ಬೇರೆ, ದೇಶದ ಪಶ್ಚಿಮಕ್ಕಿದೆ. ಕಿಂದ್ಜ್‌ಮರಾವುಲಿ ಕೆಂಪು, ಅರೆ ಸಿಹಿ. ಇವು ಕೆಟ್ಟ ವೈನ್‌ಗಳಲ್ಲ, ಸಿಹಿ ಇಷ್ಟಪಡುವವರಿಗೆ ಚೆನ್ನಾಗಿಯೇ ಹಿಡಿಸುತ್ತವೆ. ತ್ಸಿನಂದಾಲಿಯ ಹತ್ತಿರದ ಬಂಧುಗಳು ಬೇಕಾದರೆ ಗುರ್ಜಾನಿ, ವಾಜಿಸುಬಾನಿ ಅಥವಾ ಮ್‌ತ್ಸ್ವಾನೆ ದ್ರಾಕ್ಷಿಯ ಮನಾವಿ ನೋಡಿ.

ಯಾವ ಕಂಪನಿಯದು ಅಂತ ಕೇಳುವವರಿಗೆ: ತೆಲಿಯಾನಿ ವ್ಯಾಲಿ, ಟ್ಬಿಲ್‌ವಿನೋ, ಮರಾನಿ, ಶುಮಿ ಇವರೆಲ್ಲರ ತ್ಸಿನಂದಾಲಿ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಮೊದಲ ಸಲಕ್ಕೆ ಇವುಗಳಲ್ಲಿ ಯಾವುದಾದರೂ ಸರಿ. ತೀರಾ ದುಬಾರಿ ಬಾಟಲಿಯಿಂದ ಶುರು ಮಾಡುವ ಅಗತ್ಯವಿಲ್ಲ.

ಇನ್ನೊಂದು ಎಚ್ಚರಿಕೆ. ಕಾಖೆತಿಯ ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಮನೆ ವೈನ್ ಮಾರುತ್ತಾರೆ. ಅಲ್ಲೇ ಕೂತು ಒಂದು ಲೋಟ ಕುಡಿದರೆ ಖುಷಿ. ಆದರೆ ಅದನ್ನು ತ್ಸಿನಂದಾಲಿ ಅಂತ ಹೇಳಿ ಕೊಟ್ಟರೆ ನಂಬಬೇಡಿ, ವಿಮಾನದಲ್ಲಿ ತರಲೂ ಹೋಗಬೇಡಿ. ದಾರಿಯಲ್ಲಿ ಮತ್ತೆ ಹುಳಿದು ಉಬ್ಬಿ, ಬ್ಯಾಗಿನ ಬಟ್ಟೆಯೆಲ್ಲ ಹಾಳಾಗುವ ಸಂಭವ ಇದೆ.

ಹಂತ 4: ಊರಿಗೆ ಹೋಗಿ

ಯಾವಾಗ ಹೋಗಬೇಕು? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ಆಗ ರ್‌ತ್ವೇಲಿ, ಅಂದರೆ ದ್ರಾಕ್ಷಿ ಸುಗ್ಗಿ. ತೋಟದಲ್ಲಿ ಮನೆಮಂದಿಯೆಲ್ಲ ಇರುತ್ತಾರೆ, ರಸ್ತೆಯಲ್ಲಿ ದ್ರಾಕ್ಷಿ ತುಂಬಿದ ಲಾರಿಗಳ ಸಾಲು. ಆದರೆ ರೂಮುಗಳು ಬೇಗ ಭರ್ತಿಯಾಗುತ್ತವೆ, ಮುಂಚೆಯೇ ಹೇಳಿಡಿ. ಮೇ, ಜೂನ್ ಕೂಡ ಚೆನ್ನ. ಜುಲೈ, ಆಗಸ್ಟ್ ಸೆಖೆ.

ಟಿಬಿಲಿಸಿಯಿಂದ ತೆಲಾವಿಗೆ ಎರಡು ದಾರಿ. ಗೊಂಬೋರಿ ಘಾಟಿ ಹತ್ತಿ ಇಳಿದರೆ ಸುಮಾರು 70 ಕಿಲೋಮೀಟರ್, ಒಂದೂವರೆಯಿಂದ ಎರಡು ಗಂಟೆ. ಘಾಟಿಯ ಎತ್ತರ 1600 ಮೀಟರ್ ದಾಟುತ್ತದೆ. ತಿರುವು ಜಾಸ್ತಿ. ಕಾರಿನಲ್ಲಿ ವಾಂತಿ ಬರುವವರು ಮೊದಲೇ ಮಾತ್ರೆ ತಗೊಳ್ಳಿ. ಚಳಿಗಾಲದಲ್ಲಿ ಹಿಮ ಬಿದ್ದರೆ ಈ ದಾರಿ ಬೇಡ. ಸಾಗರೆಜೊ, ಗುರ್ಜಾನಿ ಮೇಲೆ ಸುತ್ತಿ ಹೋಗುವ ದಾರಿ ಉದ್ದ, ಆದರೆ ಸಪಾಟು. ಹೋಗುವಾಗ ಒಂದು, ಬರುವಾಗ ಇನ್ನೊಂದು ಹಿಡಿದರೆ ಎರಡೂ ನೋಡಿದಂತಾಗುತ್ತದೆ.

ಮಾರ್ಶ್‌ರೂತ್ಕಾ ಅನ್ನುವ ಮಿನಿ ವ್ಯಾನುಗಳು ತೆಲಾವಿಗೆ ಓಡುತ್ತವೆ. ಅಗ್ಗ. ಎಲ್ಲಿಂದ, ಎಷ್ಟು ಹೊತ್ತಿಗೆ ಅಂತ ಹಿಂದಿನ ದಿನ ಹೋಟೆಲಿನಲ್ಲಿ ವಿಚಾರಿಸಿ. ಮೂರು ನಾಲ್ಕು ಜನ ಇದ್ದರೆ ಡ್ರೈವರ್ ಸಮೇತ ಕಾರು ಮಾಡಿಕೊಳ್ಳುವುದೇ ಒಳ್ಳೆಯದು. ಬಾಡಿಗೆ ಕಾರು ತಗೊಂಡು ನೀವೇ ಓಡಿಸುವ ಯೋಚನೆ ಇದ್ದರೆ, ಓಡಿಸುವವರು ಆ ದಿನ ಒಂದು ಗುಟುಕೂ ಕುಡಿಯಬಾರದು. ಘಾಟಿ ರಸ್ತೆ, ಬೇರೆ ದೇಶದ ಪೊಲೀಸು, ಬಲಗಡೆ ಓಡಾಟ. ಇದರಲ್ಲಿ ರಿಯಾಯಿತಿ ಇಲ್ಲ.

ಹಂತ 5: ಚಾವ್‌ಚಾವಾದ್ಜೆ ಮನೆ ನೋಡಿ

ತೆಲಾವಿಯಿಂದ ಹತ್ತು ಕಿಲೋಮೀಟರ್ ಒಳಗೇ ತ್ಸಿನಂದಾಲಿ ಹಳ್ಳಿ. ಅಲ್ಲಿ ಚಾವ್‌ಚಾವಾದ್ಜೆ ಮನೆ ಈಗ ಮ್ಯೂಸಿಯಂ. ಸುತ್ತ ಇಂಗ್ಲಿಷ್ ಮಾದರಿಯ ದೊಡ್ಡ ತೋಟ. ವೈನ್ ಕುಡಿಯದವರು ಜೊತೆಗಿದ್ದರೂ ಇಲ್ಲಿ ಬೇಜಾರಾಗುವುದಿಲ್ಲ.

ಈ ಮನೆಗೆ ದೊಡ್ಡ ನೋವಿನ ಕಥೆಯೂ ಇದೆ. ತಿಳಿದುಕೊಂಡು ಹೋದರೆ ಆ ಕೋಣೆಗಳು ಬೇರೆಯದೇ ಥರ ಕಾಣುತ್ತವೆ. ಅಲೆಕ್ಸಾಂಡರ್ ಅವರ ಮಗಳು ನೀನೋ 1828ರಲ್ಲಿ ರಷ್ಯಾದ ನಾಟಕಕಾರ, ರಾಯಭಾರಿ ಗ್ರಿಬೊಯೆದೊವ್ ಅವರನ್ನು ಮದುವೆಯಾದಳು. ವರ್ಷ ತಿರುಗುವ ಮುಂಚೆ, 1829ರ ಆರಂಭದಲ್ಲಿ, ಟೆಹರಾನಿನಲ್ಲಿ ಜನರ ಗುಂಪು ಅವರನ್ನು ಕೊಂದುಹಾಕಿತು. ಆಗಿನ್ನೂ ಹದಿಹರೆಯದಲ್ಲಿದ್ದ ನೀನೋ ಮತ್ತೆ ಮದುವೆಯಾಗಲಿಲ್ಲ. ಮುಂದೆ 1854ರಲ್ಲಿ, ಕಾಕಸಸ್ ಬೆಟ್ಟಗಳಲ್ಲಿ ರಷ್ಯಾದ ವಿರುದ್ಧ ಹೋರಾಡುತ್ತಿದ್ದ ಇಮಾಮ್ ಶಮೀಲ್ ಕಡೆಯ ಪಡೆ ಈ ಎಸ್ಟೇಟಿನ ಮೇಲೆ ದಾಳಿ ಮಾಡಿ ಮನೆಯ ಸೊಸೆ ಆನ್ನಾ, ಅವಳ ತಂಗಿ, ಮಕ್ಕಳು, ಫ್ರಾನ್ಸಿನಿಂದ ಬಂದಿದ್ದ ಮನೆಪಾಠದ ಮೇಡಂ ಎಲ್ಲರನ್ನೂ ಒತ್ತೆಯಾಗಿ ಹೊತ್ತೊಯ್ದಿತು. ಬಿಡುಗಡೆ ಆಗಿದ್ದು 1855ರಲ್ಲಿ, ರಷ್ಯನ್ನರ ವಶದಲ್ಲಿದ್ದ ಶಮೀಲ್‌ನ ಮಗನನ್ನು ಹಿಂದಿರುಗಿಸಿದ ಮೇಲೆ, ಜೊತೆಗೆ ದೊಡ್ಡ ಮೊತ್ತ ತೆತ್ತು. ಎಸ್ಟೇಟ್ ಸಾಲದಲ್ಲಿ ಮುಳುಗಿ ಅರಸರ ಪಾಲಾಗಿದ್ದು ಇದರ ನಂತರವೇ.

ನೆಲಮಾಳಿಗೆಯಲ್ಲಿ ಹಳೇ ವೈನ್ ಸಂಗ್ರಹ ಇದೆ, ಸಾವಿರಾರು ಬಾಟಲಿ. ಅದರಲ್ಲಿ 1841ರ ಸಪೆರಾವಿ ಕೂಡ ಒಂದು. ಸಪೆರಾವಿ ಅಂದರೆ ಅಲ್ಲಿನ ಮುಖ್ಯ ಕೆಂಪು ದ್ರಾಕ್ಷಿ. ಟಿಕೆಟ್ ತಗೊಳ್ಳುವಾಗ ಮನೆ ನೋಡಲು ಮಾತ್ರವಾ, ರುಚಿ ನೋಡುವುದೂ ಸೇರಿದೆಯಾ ಅಂತ ಕೇಳಿ. ಬೇರೆ ಬೇರೆ ದರ ಇರುತ್ತದೆ.

ಸಮಯ ಉಳಿದರೆ ಅಲಾವೆರ್ದಿ ಮಠಕ್ಕೆ ಹೋಗಿ ಬನ್ನಿ. 11ನೇ ಶತಮಾನದ ಚರ್ಚು, ಅಲ್ಲಿನ ಸನ್ಯಾಸಿಗಳು ಇಂದಿಗೂ ಕ್ವೆವ್ರಿಯಲ್ಲಿ ವೈನ್ ಮಾಡುತ್ತಾರೆ. ಹೆಂಗಸರು ತಲೆಗೆ ಬಟ್ಟೆ ಹೊದ್ದು, ಉದ್ದ ಲಂಗ ಉಟ್ಟಿರಬೇಕು. ಗಂಡಸರು ಚಡ್ಡಿಯಲ್ಲಿ ಹೋಗುವಂತಿಲ್ಲ.

ಹಂತ 6: ರುಚಿ ನೋಡುವ ಕ್ರಮ

ವೈನರಿಗಳಲ್ಲಿ ನಾಲ್ಕೈದು ಬಗೆ ಒಟ್ಟಿಗೆ ಇಡುತ್ತಾರೆ. ತ್ಸಿನಂದಾಲಿ ಮೊದಲು, ಅಂಬರ್ ಆಮೇಲೆ, ಕೆಂಪು ಅದರ ಮೇಲೆ, ಸಿಹಿ ಕೊನೆಗೆ. ಸಿಹಿ ಕುಡಿದ ಬಾಯಲ್ಲಿ ತ್ಸಿನಂದಾಲಿ ಬರೀ ಹುಳಿ ಅನ್ನಿಸುತ್ತದೆ.

ಲೋಟದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಲೋಟದ ಕೆಳಗಿನ ಕಡ್ಡಿಯನ್ನು ಹಿಡಿಯಿರಿ, ವೈನ್ ಇರುವ ಹೊಟ್ಟೆ ಭಾಗ ಹಿಡಿದರೆ ಕೈ ಬಿಸಿ ತಾಗುತ್ತದೆ. ಬಿಳಿ ಕಾಗದದ ಮುಂದೆ ಬಣ್ಣ ನೋಡಿ. ಲೋಟ ಒಂದು ಸುತ್ತು ತಿರುಗಿಸಿ ಮೂಗಿನ ಹತ್ತಿರ ತನ್ನಿ. ಹಸಿರು ಸೇಬು, ಪೇರ್ ಹಣ್ಣು, ನಿಂಬೆ ಸಿಪ್ಪೆ, ಕೆಲವು ಸಲ ಕಾಡುಹೂವಿನಂಥ ವಾಸನೆ. ಓಕ್ ಕಂಡದ್ದಾದರೆ ಬಣ್ಣ ಸ್ವಲ್ಪ ಚಿನ್ನದ ಕಡೆ, ವಾಸನೆಯಲ್ಲಿ ವೆನಿಲ್ಲಾ, ಹುರಿದ ಬಾದಾಮಿ. ಸಣ್ಣ ಗುಟುಕು ಬಾಯಲ್ಲಿ ಎರಡು ಕ್ಷಣ ಹಿಡಿದು ನುಂಗಿ. ನಾಲಿಗೆಯ ಎರಡೂ ಬದಿಯಲ್ಲಿ ನೀರೂರಿದರೆ ಅದೇ ಒಳ್ಳೇ ಹುಳಿಯ ಗುರುತು. ಒದ್ದೆ ರಟ್ಟಿನ ವಾಸನೆ ಬಂದರೆ ಬಾಟಲಿಯ ಬಿರಡೆ ಕೆಟ್ಟಿದೆ ಅಂತ ಅರ್ಥ, ಸಂಕೋಚ ಬೇಡ, ಬದಲಿಸಲು ಹೇಳಿ. ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಹೆದರಬೇಡಿ. ಅದು ದ್ರಾಕ್ಷಿಯದೇ ಹುಳಿ, ತಂಪಿಗೆ ಹರಳುಗಟ್ಟಿದ್ದು.

ಪ್ರತಿ ಕಡೆಯೂ ಎಲ್ಲ ಲೋಟ ಖಾಲಿ ಮಾಡಬೇಕು ಅಂತಿಲ್ಲ. ಉಗಿಯಲು, ಚೆಲ್ಲಲು ಪಾತ್ರೆ ಇಟ್ಟಿರುತ್ತಾರೆ. ಕೊನೆಗೆ ಸಣ್ಣ ಲೋಟದಲ್ಲಿ ಚಾಚಾ ಕೊಡುತ್ತಾರೆ. ದ್ರಾಕ್ಷಿ ಹಿಂಡಿ ಉಳಿದ ಚರಟದಿಂದ ಭಟ್ಟಿ ಇಳಿಸಿದ್ದು ಅದು, ಬಲು ಖಡಕ್. ಬೇಡ ಅನ್ನಲು ಹಿಂಜರಿಯಬೇಡಿ.

ಯಾರದಾದರೂ ಮನೆಗೆ ಕರೆದರೆ ಅಲ್ಲಿ ಸುಪ್ರಾ ನಡೆಯಬಹುದು. ಅದು ಅಲ್ಲಿನ ದೊಡ್ಡ ಊಟ. ತಮಾದಾ ಅಂತ ಒಬ್ಬರು ಪ್ರತಿ ಸಲ ಏನಾದರೂ ಹಾರೈಸಿ ಮಾತಾಡುತ್ತಾರೆ. ದೇಶಕ್ಕೆ, ಹೆತ್ತವರಿಗೆ, ತೀರಿಕೊಂಡವರಿಗೆ, ಬಂದ ನೆಂಟರಿಗೆ. ಅವರ ಮಾತು ಮುಗಿಯುವವರೆಗೆ ಲೋಟ ಬಾಯಿಗಿಡಬಾರದು. ಮುಗಿದ ಮೇಲೆ ಗೌಮಾರ್ಜೋಸ್ ಅನ್ನಿ, ಆಮೇಲೆ ಕುಡಿಯಿರಿ. ನಮಗೆ ಅಭ್ಯಾಸ ಇಲ್ಲದೆ ಸುಮ್ನೆ ಮಧ್ಯೆ ಮಧ್ಯೆ ಗುಟುಕರಿಸುತ್ತೇವೆ. ಅವರು ಏನೂ ಅನ್ನುವುದಿಲ್ಲ, ಆದರೆ ಅವರ ರೀತಿಗೆ ಮರ್ಯಾದೆ ಕೊಟ್ಟರೆ ಮುಖ ಅರಳುತ್ತದೆ.

ಹಂತ 7: ಜೊತೆಗೆ ಏನು ತಿನ್ನಬೇಕು

ಸಸ್ಯಾಹಾರಿಗಳಿಗೆ ಜಾರ್ಜಿಯಾ ಕಷ್ಟ ಅನ್ನುವವರಿದ್ದಾರೆ. ಕಾಖೆತಿಯಲ್ಲಿ ಹಾಗೇನೂ ಇಲ್ಲ. ಪ್ಖಾಲಿ ಕೇಳಿ: ಬೇಯಿಸಿದ ಸೊಪ್ಪು ಅಥವಾ ಬೀಟ್‌ರೂಟನ್ನು ಅಕ್ರೋಟು, ಬೆಳ್ಳುಳ್ಳಿ ಜೊತೆ ಅರೆದು ಉಂಡೆ ಕಟ್ಟಿದ್ದು. ಬದ್ರಿಜಾನಿ ಕೇಳಿ: ಉದ್ದಕ್ಕೆ ಹೆಚ್ಚಿ ಹುರಿದ ಬದನೆಯೊಳಗೆ ಅದೇ ಥರದ ಅಕ್ರೋಟಿನ ಅರಪು. ಲೋಬಿಯಾನಿ ಅಂದರೆ ಕಾಳಿನ ಹೂರಣ ತುಂಬಿದ ರೊಟ್ಟಿ, ಖಾಚಾಪುರಿ ಅಂದರೆ ಚೀಸ್ ತುಂಬಿದ್ದು. ಸುಲ್ಗುನಿ ಅನ್ನುವ ಉಪ್ಪುಪ್ಪು ಚೀಸಿಗೂ ತ್ಸಿನಂದಾಲಿಯ ಹುಳಿಗೂ ಬಹಳ ಚೆನ್ನಾಗಿ ಹೊಂದುತ್ತದೆ. ಲೋಬಿಯಾನಿಗೆ ಕೆಲವೊಮ್ಮೆ ಹಂದಿ ಕೊಬ್ಬು ಸೇರಿಸುತ್ತಾರೆ, ಕೇಳಿಯೇ ತಗೊಳ್ಳಿ. ಮಾಂಸ ತಿನ್ನುವವರಿಗೆ ನದಿಯ ಟ್ರೌಟ್ ಮೀನು ಅಥವಾ ಸತ್ಸಿವಿ, ಅಂದರೆ ಅಕ್ರೋಟಿನ ಗಟ್ಟಿ ಸಾರಿನಲ್ಲಿ ಕೋಳಿ.

ಕುಡಿಯದವರಿಗೂ ಮಕ್ಕಳಿಗೂ ಚುರ್ಚ್‌ಖೇಲಾ ಕೊಡಿಸಿ. ದಾರದಲ್ಲಿ ಪೋಣಿಸಿದ ಅಕ್ರೋಟನ್ನು, ಹಿಟ್ಟು ಹಾಕಿ ಕುದಿಸಿದ ಗಟ್ಟಿ ದ್ರಾಕ್ಷಿ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದ್ದು. ವಾರಗಟ್ಟಲೆ ಇರುತ್ತದೆ, ಊರಿಗೆ ತರಲೂ ಸುಲಭ.

ಹಂತ 8: ಮನೆಗೆ ತರುವುದು

ಇಲ್ಲಿ ಲೆಕ್ಕ ತಪ್ಪುವವರು ಜಾಸ್ತಿ. ಭಾರತಕ್ಕೆ ಬರುವಾಗ ಒಬ್ಬರಿಗೆ ಸುಂಕವಿಲ್ಲದೆ ತರಲು ಅವಕಾಶ ಇರುವುದು ಒಟ್ಟು 2 ಲೀಟರ್ ಮದ್ಯ, ವೈನ್ ಕೂಡ ಇದರಲ್ಲೇ ಸೇರಿತು. ವೈನ್ ಬಾಟಲಿ 750 ಮಿಲಿ. ಎರಡಾದರೆ ಒಂದೂವರೆ ಲೀಟರ್. ಮೂರಾದರೆ 2.25 ಲೀಟರ್, ಮಿತಿ ದಾಟಿತು. ಹಾಗಾಗಿ ತಲೆಗೆ ಎರಡು ಬಾಟಲಿ. ಡ್ಯೂಟಿ ಫ್ರೀಯಲ್ಲಿ ವಿಸ್ಕಿ ಕೊಂಡರೆ ಅದೂ ಇದೇ ಲೆಕ್ಕಕ್ಕೆ ಬರುತ್ತದೆ ಅನ್ನುವುದು ನೆನಪಿರಲಿ.

ಟಿಬಿಲಿಸಿಯ ಸೂಪರ್ ಮಾರ್ಕೆಟ್ಟಿನಲ್ಲೋ ವೈನರಿಯಲ್ಲೋ ಕೊಳ್ಳಿ, ಏರ್‌ಪೋರ್ಟಿನವರೆಗೆ ಕಾಯಬೇಡಿ. ಹೊರಗೆ ಕೊಂಡದ್ದು ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್‌ಗೇ ಹಾಕಬೇಕು. ಬಾಟಲಿಗೆ ಮೊದಲು ಪ್ಲಾಸ್ಟಿಕ್ ಕವರ್ ಗಂಟು ಕಟ್ಟಿ, ಆಮೇಲೆ ಬಟ್ಟೆ ಸುತ್ತಿ, ಬ್ಯಾಗಿನ ನಟ್ಟನಡುವೆ ಇಡಿ. ಎರಡು ಬಾಟಲಿ ಒಂದಕ್ಕೊಂದು ತಾಗದಿರಲಿ.

ಗಲ್ಫ್ ಮೇಲೆ ಬರುವವರು ಇದನ್ನು ತಪ್ಪದೆ ನೋಡಿ. ಕುವೈತಿನಲ್ಲಿ ಮದ್ಯ ಪೂರ್ತಿ ನಿಷಿದ್ಧ. ಶಾರ್ಜಾದಲ್ಲೂ ಕಟ್ಟುನಿಟ್ಟು. ಅಲ್ಲಿ ವಿಮಾನ ಬದಲಿಸುವಾಗ ಹೊರಗೆ ಇಳಿದು, ಬ್ಯಾಗ್ ತಗೊಂಡು, ಮತ್ತೆ ಚೆಕ್-ಇನ್ ಮಾಡುವ ಪರಿಸ್ಥಿತಿ ಇದ್ದರೆ ಬಾಟಲಿ ತರಲೇಬೇಡಿ. ಬ್ಯಾಗ್ ನೇರ ಬೆಂಗಳೂರಿಗೇ ಹೋಗುತ್ತದಾ ಅಂತ ವಿಮಾನ ಕಂಪನಿಯನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಹಂತ 9: ಮನೆಯಲ್ಲಿ ತೆರೆಯುವುದು

ಪ್ರಯಾಣ ಮುಗಿಸಿ ಬಂದ ಬಾಟಲಿಯನ್ನು ಅದೇ ದಿನ ತೆರೆಯಬೇಡಿ. ಒಂದು ವಾರ ಕತ್ತಲೆ, ತಂಪು ಇರುವ ಕಡೆ ಮಲಗಿಸಿಡಿ. ಅಡುಗೆಮನೆಯ ಅಟ್ಟ ಬೇಡ, ಅಲ್ಲಿ ಬಿಸಿ. ಮಂಗಳೂರು, ಕಾರವಾರ, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲೇ ಇಟ್ಟುಬಿಡಿ.

ಕುಡಿಯುವಾಗ ವೈನ್ 10ರಿಂದ 12 ಡಿಗ್ರಿ ಇರಬೇಕು. ಹೊರಗಿಟ್ಟಿದ್ದ ಬಾಟಲಿಯನ್ನು ಎರಡೂವರೆ ಮೂರು ಗಂಟೆ ಫ್ರಿಜ್ಜಿನಲ್ಲಿಟ್ಟು, ಬಡಿಸುವ ಹತ್ತು ಹದಿನೈದು ನಿಮಿಷ ಮುಂಚೆ ಹೊರಗೆ ತೆಗೆದರೆ ಸರಿಹೋಗುತ್ತದೆ. ಫ್ರೀಜರಿಗೆ ಹಾಕಬೇಡಿ. ಐಸ್ ಹಾಕಬೇಡಿ, ನೀರಾದರೆ ರುಚಿ ಸತ್ತಿತು. ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ಬರೀ ಹುಳಿ ಉಳಿಯುತ್ತದೆ. ಅದನ್ನೇ ಕುಡಿದು "ಏನೂ ಇಲ್ಲ ಇದರಲ್ಲಿ" ಅನ್ನುವವರು ಇನ್ನೊಂದು ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿ ನೋಡಿ.

ನಮ್ಮ ಊಟದ ಜೊತೆ? ನೀರುದೋಸೆ ಜೊತೆ ಕಮ್ಮಿ ಖಾರದ ಮೀನು, ನಿಂಬೆ ಹಿಂಡಿದ ಅಂಜಲ್ ತವಾ ಫ್ರೈ, ಸಿಗಡಿ, ಕೋಸಂಬರಿ, ಪನೀರ್ ಟಿಕ್ಕಾ, ಬದನೆಕಾಯಿ ಸುಟ್ಟ ಗೊಜ್ಜು. ಇವಕ್ಕೆಲ್ಲ ಚೆನ್ನಾಗಿ ಕೂಡುತ್ತದೆ. ಕೋರಿ ಗಸಿ, ಸಾವಜಿ ಊಟದ ಜೊತೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಜಾಸ್ತಿ ಖಾರ ಇದ್ದಾಗ ಆಲ್ಕೋಹಾಲ್ ಬಾಯಿ ಉರಿಸುತ್ತದೆ, ವೈನಿನ ಹಣ್ಣಿನ ರುಚಿ ಪತ್ತೆಯೇ ಇರುವುದಿಲ್ಲ. ಸಿಹಿತಿಂಡಿ ಜೊತೆಯೂ ಬೇಡ.

ಒಂದೇ ಸಲಕ್ಕೆ ಬಾಟಲಿ ಮುಗಿಸುವ ಒತ್ತಾಯ ಇಲ್ಲ. ಬಿರಡೆ ಗಟ್ಟಿಯಾಗಿ ಹಾಕಿ, ನಿಲ್ಲಿಸಿ ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ಚೆನ್ನಾಗಿರುತ್ತದೆ. ಓಕ್ ಕಂಡ ತ್ಸಿನಂದಾಲಿ ಕೆಲವು ಸಲ ಎರಡನೇ ದಿನವೇ ಇನ್ನೂ ಬಿಚ್ಚಿಕೊಳ್ಳುತ್ತದೆ. ನಾಲ್ಕನೇ ದಿನಕ್ಕೆ ಸೇಬು ಕಂದಿದ ವಾಸನೆ ಬರಲು ಶುರುವಾದರೆ ಕುಡಿಯುವುದು ಬಿಟ್ಟು ಅಡುಗೆಗೆ ಬಳಸಿ: ಬೆಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು, ಅಣಬೆ ಹಾಕಿ, ಅರ್ಧ ಲೋಟ ಈ ವೈನ್ ಸುರಿದು ದೊಡ್ಡ ಉರಿಯಲ್ಲಿ ಇಂಗಿಸಿ.